ಆಧುನಿಕ ಚೀನಾದ ಪಾಠ ಎಲ್ಲಿಂದ ಶುರು ಮಾಡಲಿ? 15 ವಾರ, 28 ಮಕ್ಕಳು

ತುಂಗಾತೀರ
ಎಲ್ಲರಿಗೂ ನಮಸ್ಕಾರ. ಪದವಿ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಈ ಸಲ ಆಧುನಿಕ ಚೀನಾದ ಇತಿಹಾಸ, ರಾಜಕೀಯ, ಸಂಸ್ಕೃತಿ ಅನ್ನೋ ಐಚ್ಛಿಕ ಪತ್ರಿಕೆ ನನಗೆ ಬಂದಿದೆ. 15 ವಾರ, ವಾರಕ್ಕೆ ನಾಲ್ಕು ತರಗತಿ, 28 ಮಕ್ಕಳು. ಹೆಚ್ಚಿನವರು ಕನ್ನಡ ಮಾಧ್ಯಮದವರು.

ಹಿಂದಿನವರು ಬಿಟ್ಟುಹೋದ ನೋಟ್ಸ್ ನೋಡಿದೆ. ಅಫೀಮು ಯುದ್ಧದಿಂದ ಶುರುವಾಗಿ 1949ರ ಕಮ್ಯುನಿಸ್ಟರ ಗೆಲುವಿಗೆ ನಿಂತುಬಿಡುತ್ತದೆ. ಆಮೇಲಿನದಕ್ಕೆಲ್ಲ ಸೇರಿ ಒಂದೂವರೆ ಪುಟ. ನಾನು ಎಂ.ಎ. ಓದುವಾಗಲೂ ಹೀಗೇ ಇತ್ತು. ಒಪ್ಪಂದ, ಇಸವಿ, ಕಾರಣಗಳು, ಪರಿಣಾಮಗಳು. ಪರೀಕ್ಷೆ ಮುಗಿದ ಮೇಲೆ ಒಬ್ಬ ಚೀನೀ ಮನುಷ್ಯನ ಮುಖವೂ ನನ್ನ ಮನಸ್ಸಿನಲ್ಲಿ ಉಳಿಯಲಿಲ್ಲ. ಇದೇ ಪಾಠವನ್ನು ಈ ಮಕ್ಕಳಿಗೂ ದಾಟಿಸಲು ನನಗೆ ಇಷ್ಟವಿಲ್ಲ.

ಪತ್ರಿಕೆ ಆರಿಸಿಕೊಂಡ ದಿನ ಮಕ್ಕಳನ್ನು ಕೇಳಿದೆ, ಚೀನಾ ಅಂದ ಕೂಡಲೇ ಏನು ನೆನಪಾಗುತ್ತೆ ಅಂತ. 1962, ಗಲ್ವಾನ್, ಕೊರೊನಾ, ಮೊಬೈಲ್, ಗೋಬಿ ಮಂಚೂರಿ. ಅಷ್ಟೇ. 140 ಕೋಟಿ ಜನ ಪಕ್ಕದಲ್ಲೇ ಇದ್ದಾರೆ, ನಮಗೆ ಗೊತ್ತಿರುವುದು ಇಷ್ಟು.

ಎಲ್ಲಿಂದ ಶುರು ಮಾಡಲಿ? ಏನನ್ನು ಬಿಡಲಿ? ಇನ್ನೊಂದು, ಹೆಸರುಗಳನ್ನು ಕನ್ನಡದಲ್ಲಿ ಹೇಗೆ ಬರೆಯಲಿ? ಒಂದು ಪುಸ್ತಕದಲ್ಲಿ ಕ್ವಿಂಗ್, ಇನ್ನೊಂದರಲ್ಲಿ ಚಿಂಗ್, ಮತ್ತೊಂದರಲ್ಲಿ ಮಂಚು. ಮೂರೂ ಚೀನಾ ಆಳಿದ ಕೊನೆಯ ಅರಸು ವಂಶವೇ ಅಂತ ಮಕ್ಕಳಿಗೆ ಗೊತ್ತೇ ಆಗುವುದಿಲ್ಲ.

ಹಳೇಮೇಷ್ಟ್ರು
ಮೇಡಂ, 1839ರಿಂದಲೇ ಶುರು ಮಾಡಿ. ಅದರಲ್ಲಿ ನಮ್ಮ ದೇಶವೂ ಇದೆ. ಬ್ರಿಟಿಷರಿಗೆ ಚಹಾ ಬೇಕಿತ್ತು. ಚೀನಾದವರು ಬೆಳ್ಳಿ ಬಿಟ್ಟು ಬೇರೆ ಏನನ್ನೂ ಅಷ್ಟಾಗಿ ಕೊಳ್ಳುತ್ತಿರಲಿಲ್ಲ. ಆಗ ಬಂಗಾಳ, ಬಿಹಾರದ ಅಫೀಮು, ಮಾಳವಾದ ಅಫೀಮು ಹಡಗು ಹತ್ತಿತು. ಪಟ್ನಾ, ಗಾಜೀಪುರದ ರೈತ ಬೆಳೆದ ಗಸಗಸೆ ಗಿಡದ ಹಾಲು ಚೀನಾದ ದಕ್ಷಿಣದ ಬಂದರು ಕ್ಯಾಂಟನ್ನಿನ ಯುವಕನ ಕೊಳವೆಗೆ ಹೋಯಿತು. 1839ರಲ್ಲಿ ಲಿನ್ ಝೆಶು ಅನ್ನುವ ಅಧಿಕಾರಿ 20,000ಕ್ಕೂ ಹೆಚ್ಚು ಪೆಟ್ಟಿಗೆ ಅಫೀಮನ್ನು ಹುಮೆನ್ ದಡದಲ್ಲಿ ಸುಣ್ಣ, ಉಪ್ಪು ಬೆರೆಸಿ ನಾಶ ಮಾಡಿಸಿದರು. ಯುದ್ಧವಾಯಿತು. 1842ರ ನಾನ್‌ಜಿಂಗ್ ಒಪ್ಪಂದದಲ್ಲಿ ಹಾಂಗ್‌ಕಾಂಗ್ ಹೋಯಿತು, ಐದು ಬಂದರು ತೆರೆದವು.

ಇದನ್ನು ಹೇಳದೆ ಇವತ್ತಿನ ಚೀನಾದ ಸಿಟ್ಟು ಅರ್ಥವಾಗುವುದಿಲ್ಲ. ‘ಅವಮಾನದ ನೂರು ವರ್ಷ’ ಅಂತ ಅವರು ಇವತ್ತಿಗೂ ಹೇಳುವುದು ಇಲ್ಲಿಂದಲೇ ಎಣಿಸಿ.

ದೆಹಲಿಚಳಿ
ಮೇಷ್ಟ್ರೇ, ಅಲ್ಲೇ ನನ್ನ ತಕರಾರು. ನಾನು ದೆಹಲಿಯಲ್ಲಿ ಚೀನೀ ಅಧ್ಯಯನ ಓದುತ್ತಿದ್ದೇನೆ. 1839ರಿಂದ ಶುರು ಮಾಡಿದರೆ ಚೀನಾ ಅಲ್ಲಿಯವರೆಗೆ ಮಲಗಿತ್ತು, ಬ್ರಿಟಿಷರ ಫಿರಂಗಿ ಬಂದು ಎಬ್ಬಿಸಿತು ಅನ್ನೋ ಕತೆಯಾಗಿಬಿಡುತ್ತದೆ. ನಿಜ ಹಾಗಿಲ್ಲ. 18ನೇ ಶತಮಾನದಲ್ಲಿ ಅವರ ಜನಸಂಖ್ಯೆ ಹೆಚ್ಚುಕಡಿಮೆ ಎರಡು ಪಟ್ಟಾಯಿತು. ಭೂಮಿ ಅಷ್ಟು ಬೆಳೆಯಲಿಲ್ಲ, ಅಧಿಕಾರಿಗಳ ಸಂಖ್ಯೆಯೂ ಬೆಳೆಯಲಿಲ್ಲ. 1796ರಲ್ಲೇ ಶ್ವೇತಕಮಲ ಅನ್ನೋ ಪಂಥದವರ ದಂಗೆ ಎದ್ದಿತ್ತು. ಒಳಗಿನ ಬಿರುಕು ಮೊದಲೇ ಇತ್ತು, ಅಫೀಮು ಯುದ್ಧ ಬಂದಿದ್ದು ಆಮೇಲೆ.

ಇನ್ನೊಂದು ವಿಷಯ. ಇವತ್ತಿನ ಚೀನಾದ ನಕ್ಷೆ ಎಲ್ಲಿಂದ ಬಂತು? ಷಿನ್‌ಜಿಯಾಂಗ್ ಮಂಚು ಅರಸರ ಕೈಗೆ ಪೂರ್ತಿ ಬಂದಿದ್ದು 1759ರಲ್ಲಿ. ಟಿಬೆಟ್, ಮಂಗೋಲಿಯಾದ ಪ್ರಶ್ನೆಗಳೂ ಅದೇ ಕಾಲದವು. ಇದನ್ನು ಬಿಟ್ಟು 1962 ಪಾಠ ಮಾಡಿದರೆ ಗಡಿ ಅನ್ನೋದು ಆಕಾಶದಿಂದ ಬಿದ್ದಂತೆ ಕಾಣುತ್ತೆ.

ಚೀನಾದ ಇತಿಹಾಸಕಾರರು ಬಹಳ ವರ್ಷ ಆಧುನಿಕ ಕಾಲವನ್ನು ಮೂರು ಭಾಗ ಮಾಡುತ್ತಿದ್ದರು. 1840ರಿಂದ ‘ಜಿನ್‌ದಾಯ್’, 1919ರಿಂದ ‘ಷಿಯೆನ್‌ದಾಯ್’, 1949ರಿಂದ ‘ದಾಂಗ್‌ದಾಯ್’. ಅಂದರೆ ಎಲ್ಲಿಂದ ಶುರು ಅನ್ನುವುದೇ ಒಂದು ರಾಜಕೀಯ. ಮಕ್ಕಳಿಗೆ ಮೊದಲ ದಿನವೇ ಇದನ್ನು ಹೇಳಿ ಮೇಡಂ.

ಬಿಸಿಲೂರು
ಹದಿನೈದೇ ವಾರ ಇರೋದು. 18ನೇ ಶತಮಾನಕ್ಕೆ ಹೋದರೆ ಮಾವೋ ಬರುವ ಹೊತ್ತಿಗೆ ಪರೀಕ್ಷೆ ಬಂದಿರುತ್ತೆ.

ಹಳೇಮೇಷ್ಟ್ರು
@ದೆಹಲಿಚಳಿ ಒಳಗಿನ ಬಿರುಕು ಇತ್ತು, ಒಪ್ಪುತ್ತೇನೆ. ಆದರೆ ಪದವಿ ಮಕ್ಕಳಿಗೆ ಕೈಗೆ ಸಿಗುವ ಒಂದು ಹಿಡಿ ಬೇಕು. ಅಫೀಮು ಅಂಥ ಹಿಡಿ. ಅದಕ್ಕೂ ಮೊದಲು ನಮ್ಮ ಶ್ರೀಗಂಧವೂ ಕಂಪನಿಯ ಹಡಗಿನಲ್ಲಿ ಮಲಬಾರ್ ಕರಾವಳಿಯಿಂದ ಕ್ಯಾಂಟನ್ನಿಗೆ ಹೋಗುತ್ತಿತ್ತು. ಚಹಾ ಕೊಳ್ಳಲು ದುಡ್ಡು ಹೊಂದಿಸಲು ಅವರು ಗಂಧ, ಮೆಣಸು, ಹತ್ತಿ ಎಲ್ಲವನ್ನೂ ಒಯ್ದು ನೋಡಿದರು. ಕೊನೆಗೆ ಗೆದ್ದದ್ದು ಅಫೀಮು.

ಕಡಲತಡಿ
ಚಹಾ ಅಂದಿದ್ದಕ್ಕೆ ನೆನಪಾಯ್ತು. ನಮ್ಮ ಕಡೆ ‘ಚಾ’ ಅಂತೀವಿ, ಮೈಸೂರು ಕಡೆ ‘ಟೀ’. ಎರಡೂ ಚೀನಾದ ಮಾತೇ. ಒಂದೇ ಅಕ್ಷರವನ್ನು ಕ್ಯಾಂಟನ್ ಕಡೆಯವರು, ಉತ್ತರದವರು ‘ಛಾ’ ಅನ್ನುತ್ತಾರೆ, ಫೂಜಿಯನ್ ಕರಾವಳಿಯವರು ‘ತೇ’ ಅನ್ನುತ್ತಾರೆ. ಪೋರ್ಚುಗೀಸರು ಮಕಾವ್‌ನಿಂದ ‘ಛಾ’ ತಂದರು, ಡಚ್ಚರು ‘ತೇ’ ಒಯ್ದರು. ಸಂಸ್ಕೃತಿ ಪಾಠಕ್ಕೆ ಹೇಳಿಮಾಡಿಸಿದ ಉದಾಹರಣೆ ಅಲ್ವಾ?

ಬಿಸಿಲೂರು
ನಮ್ಮಲ್ಲಿ ಚಹಾ. ಉತ್ತರ ಕರ್ನಾಟಕವನ್ನು ಮರೀಬೇಡಿ.

ರೇಷ್ಮೆಗೂಡು
ಮೇಡಂ, ನಾನು ರಾಮನಗರದ ಕಡೆಯವನು. ನಮ್ಮದು ಮೂರು ತಲೆಮಾರಿನಿಂದ ಹಿಪ್ಪುನೇರಳೆ, ಹುಳ. ನನಗೆ ಚೀನಾ ಗೊತ್ತಾಗಿದ್ದು ಪಠ್ಯಪುಸ್ತಕದಿಂದಲ್ಲ, ಗೂಡಿನ ಮಾರುಕಟ್ಟೆಯಿಂದ. 2011ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ ಶೇ 5ಕ್ಕೆ ಇಳಿಸಿದರು. ಚೀನಾ ನೂಲು ಬಂತು, ಗೂಡಿನ ಬೆಲೆ ಬಿತ್ತು. ಆ ವರ್ಷ ನಮ್ಮಪ್ಪ ಮಾರುಕಟ್ಟೆಯಿಂದ ಬಂದು ಖಾಲಿ ಚೀಲ ಮಡಚಿಟ್ಟು ಮಾತಾಡದೆ ಮಲಗಿದ್ದು ಇನ್ನೂ ಕಣ್ಣಿಗೆ ಕಟ್ಟಿದೆ. ನನಗೆ ಆಗ ಚೀನಾ ಅಂದರೆ ಬರೀ ಸಿಟ್ಟು.

ಎಂ.ಎ.ಗೆ ಬಂದ ಮೇಲೆ ಆ ಸಿಟ್ಟಿನಿಂದಲೇ ಓದಲು ಶುರು ಮಾಡಿದೆ. ಚೀನಾದ ರೇಷ್ಮೆ ಯಾರು ಬೆಳೆಯುತ್ತಾರೆ ಅಂತ. ಹಿಂದೆಲ್ಲಾ ಷಾಂಘೈ ಸುತ್ತಲಿನ ಜಿಯಾಂಗ್‌ಸು, ಝೆಜಿಯಾಂಗ್ ಪ್ರಾಂತಗಳಲ್ಲಿ ಬೆಳೆಯುತ್ತಿದ್ದರು. ಅಲ್ಲಿ ಕಾರ್ಖಾನೆ ಬಂದವು, ಭೂಮಿ ಬೆಲೆ ಏರಿತು, ಹುಳ ಸಾಕಲು ಕೈಗಳು ಸಿಗಲಿಲ್ಲ. ಸರ್ಕಾರವೇ ಹಿಪ್ಪುನೇರಳೆಯನ್ನು ಪಶ್ಚಿಮಕ್ಕೆ ಸಾಗಿಸುವ ಯೋಜನೆ ಮಾಡಿತು. ಈಗ ಗೂಡು ಬೆಳೆಯುವುದರಲ್ಲಿ ದಕ್ಷಿಣದ ಗುವಾಂಗ್‌ಷಿ ಎಲ್ಲರಿಗಿಂತ ಮುಂದೆ. ಬೆಂಗಳೂರು ಬೆಳೆದ ಹಾಗೆ ನಮ್ಮ ಕಡೆ ತೋಟಗಳು ಲೇಔಟ್ ಆಗುತ್ತಿಲ್ಲವಾ? ಅದೇ ಕತೆ. ಅಲ್ಲಿಯ ರೈತನನ್ನೂ ಯಾವುದೋ ಕೈ ತಳ್ಳುತ್ತಿದೆ ಅಂತ ಆಗ ಗೊತ್ತಾಯ್ತು.

ಇನ್ನೂ ಹಿಂದೆ ಹೋದರೆ, ಮಾವೋ ದುನ್ ಅನ್ನುವ ಲೇಖಕರು 1932ರಲ್ಲಿ ಬರೆದ ಒಂದು ಕತೆ ಇದೆ. ಝೆಜಿಯಾಂಗ್ ಕಡೆಯ ಹಳ್ಳಿ. ಒಬ್ಬ ಮುದುಕ, ಅವನ ಮನೆಯವರು ಸಾಲ ಮಾಡಿ ಸೊಪ್ಪು ಕೊಂಡು, ನಿದ್ದೆಗೆಟ್ಟು ಹುಳ ಸಾಕುತ್ತಾರೆ. ಬೆಳೆ ಬಂಗಾರದ ಹಾಗೆ ಬರುತ್ತದೆ. ಆದರೆ ಯುದ್ಧ, ಜಪಾನಿನ ಪೈಪೋಟಿ ಎಲ್ಲ ಸೇರಿ ನೂಲು ಬಿಚ್ಚಾಣಿಕೆ ಕಾರ್ಖಾನೆಗಳು ಮುಚ್ಚಿವೆ. ಗೂಡು ಕೇಳುವವರಿಲ್ಲ. ಬೆಳೆ ಬಂದೂ ಸಾಲ ಹೆಚ್ಚಾಗುತ್ತದೆ. ನಮ್ಮಮ್ಮನಿಗೆ ಕನ್ನಡದಲ್ಲಿ ಹೇಳಿದೆ. ಅವರು ಕೇಳಿದ ಮೊದಲ ಪ್ರಶ್ನೆ, ‘ಎಷ್ಟನೇ ಜ್ವರಕ್ಕೆ ಸೊಪ್ಪು ಸಾಲದೆ ಹೋಯ್ತಂತೆ?’

ಅದಕ್ಕೇ ಹೇಳುತ್ತೇನೆ, 1839 ಬೇಡ, 1759ವೂ ಬೇಡ. ಮಕ್ಕಳ ಮನೆಯಿಂದ ಶುರು ಮಾಡಿ ಹಿಂದಕ್ಕೆ ಹೋಗಿ.

ದೆಹಲಿಚಳಿ
@ರೇಷ್ಮೆಗೂಡು ಈ ಗುವಾಂಗ್‌ಷಿ ವಿಷಯ ನನಗೆ ಗೊತ್ತಿರಲಿಲ್ಲ. ಎಷ್ಟೋ ಸೆಮಿನಾರಿನಲ್ಲಿ ಕೂತಿದ್ದೇನೆ, ಇಷ್ಟು ಹತ್ತಿರದಿಂದ ಚೀನಾದ ರೈತನ ಬಗ್ಗೆ ಯಾರೂ ಹೇಳಿರಲಿಲ್ಲ. ಧನ್ಯವಾದ ಗೆಳೆಯ.

ಮಲ್ನಾಡ್‌ಮಳೆ
‘ಎಷ್ಟನೇ ಜ್ವರ’ ಅಂದ್ರೆ?

ರೇಷ್ಮೆಗೂಡು
ಹುಳ ನಾಲ್ಕು ಸಲ ಪೊರೆ ಬಿಡುತ್ತೆ. ಪೊರೆ ಬಿಡುವಾಗ ತಿನ್ನದೆ ಸುಮ್ನೆ ತಲೆ ಎತ್ತಿಕೊಂಡಿರುತ್ತೆ. ಅದಕ್ಕೆ ಜ್ವರ ಅಂತೀವಿ. ನಾಲ್ಕನೇ ಜ್ವರ ದಾಟಿದ ಮೇಲೆ ತಿನ್ನೋದೇ ತಿನ್ನೋದು.

ಅಕ್ಷರಮಾಲೆ
ಹೆಸರಿನ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ, ನಾನು ಕೊಡ್ತೀನಿ. ಇದು ನನಗೆ ತುಂಬ ಇಷ್ಟದ ವಿಷಯ.

ಇಂಗ್ಲಿಷ್ ಅಕ್ಷರದಲ್ಲಿ ಚೀನೀ ಬರೆಯುವ ಪಿನ್‌ಯಿನ್ ಪದ್ಧತಿ 1958ರದು. ಅದನ್ನು ನಾವು ಇಂಗ್ಲಿಷ್ ಅಂದುಕೊಂಡು ಓದುತ್ತೇವೆ, ಅಲ್ಲೇ ತಪ್ಪು. ಅಲ್ಲಿನ ಎಕ್ಸ್ ಅಂದರೆ ನಮ್ಮ ‘ಶ’ಕ್ಕೆ ಹತ್ತಿರ. ಎಸ್-ಎಚ್ ಅಂದರೆ ನಾಲಿಗೆ ಮಡಚಿದ ‘ಷ’. ಕ್ಯೂ ಅಂದರೆ ‘ಛ’, ಜೆ ಅಂದರೆ ‘ಚ’. ಹಾಗಾಗಿ ‘ಕ್ವಿಂಗ್’ ಅಂತೂ ಅಲ್ಲವೇ ಅಲ್ಲ, ‘ಛಿಂಗ್’. ‘ಕ್ಸಿ’ ಅಲ್ಲ, ‘ಶೀ’.

ಚೀನೀಯಲ್ಲಿ ಬ, ದ, ಗ ಇಲ್ಲ ಅಂತಲೇ ಹೇಳಬಹುದು. ಇರುವುದು ಪ-ಫ, ತ-ಥ, ಕ-ಖ. ಅಲ್ಪಪ್ರಾಣ, ಮಹಾಪ್ರಾಣದ ವ್ಯತ್ಯಾಸ ಅಷ್ಟೇ. ಇಂಗ್ಲಿಷಿನವರು ಇದಕ್ಕೆ ಒದ್ದಾಡುತ್ತಾರೆ, ನಮ್ಮ ವರ್ಣಮಾಲೆಯಲ್ಲಿ ಅದು ಸಾಲಾಗಿ ಕೂತಿದೆ. ಮಾವೋ ನಂತರ ಆರ್ಥಿಕ ಸುಧಾರಣೆ ತಂದ ನಾಯಕ ದೆಂಗ್ ಷಿಯಾಪಿಂಗ್ ಹೆಸರು ಕನ್ನಡದಲ್ಲಿ ‘ತಂಗ್ ಶ್ಯಾವ್‌ಫಿಂಗ್’ ಅಂತ ಬರೆದರೆ ಸದ್ದಿಗೆ ಹತ್ತಿರ ಬರುತ್ತೆ. ಆದರೆ ಆ ಫ ‘ಫಲ’ದ ಫ, ‘ಫ್ಯಾನ್’ನ ಫ ಅಲ್ಲ.

ನಮ್ಮ ಅಜ್ಜಂದಿರ ಕಾಲದ ಪತ್ರಿಕೆಗಳು ‘ಮಾವೋ ತ್ಸೆ ತುಂಗ್’ ಅಂತ ಬರೆಯುತ್ತಿದ್ದವು. ಈಗಿನವರು ‘ಝೆಡಾಂಗ್’ ಅಂತ ತಿದ್ದಿದ್ದಾರೆ. ಸದ್ದಿನ ಲೆಕ್ಕದಲ್ಲಿ ಹಳೆಯದೇ ಸರಿ!

ತುಂಗಾತೀರ
ಅಬ್ಬಾ, ಇದು ಗೊತ್ತೇ ಇರಲಿಲ್ಲ. ಹಾಗಾದರೆ ಪಾಠದಲ್ಲಿ ತಂಗ್ ಅಂತಲೇ ಬರೆಯಲಾ? ಮಕ್ಕಳು ಬೇರೆ ಪುಸ್ತಕ ನೋಡಿದಾಗ ಗೊಂದಲ ಆಗಲ್ವಾ?

ಅಕ್ಷರಮಾಲೆ
ಬೇಡ ಮೇಡಂ. ರೂಢಿಯಲ್ಲಿರುವ ರೂಪ ಬರೆಯಿರಿ, ಹೇಳುವಾಗ ಸರಿಯಾಗಿ ಹೇಳಿ. ಮೊದಲ ವಾರ ಹೆಸರುಗಳ ಒಂದು ಪಟ್ಟಿ ಕೊಡಿ, ಎರಡೂ ರೂಪ ಇರಲಿ. ಮನೆತನದ ಹೆಸರು ಮೊದಲು ಬರುತ್ತೆ ಅಂತಲೂ ಹೇಳಿ. ಒಬ್ಬರು ಉತ್ತರ ಪತ್ರಿಕೆಯಲ್ಲಿ ‘ಪಿಂಗ್ ಅವರು ಸುಧಾರಣೆ ತಂದರು’ ಅಂತ ಬರೆದಿದ್ದು ನೋಡಿದ್ದೇನೆ. ನಮ್ಮಲ್ಲೂ ಊರಿನ ಹೆಸರು ಮೊದಲು, ಅಪ್ಪನ ಹೆಸರು ಆಮೇಲೆ, ಸ್ವಂತ ಹೆಸರು ಕೊನೆಗೆ ಬರುತ್ತೆ. ಹಾಗೆ ಹೇಳಿದರೆ ಮಕ್ಕಳಿಗೆ ತಟ್ಟನೆ ಹೊಳೆಯುತ್ತೆ.

ಅರಸೊತ್ತಿಗೆ ಕೊನೆಗಾಣಿಸಿದ ಕ್ರಾಂತಿಯ ನಾಯಕ ಸನ್ ಯಾತ್ ಸೆನ್, 1949ರಲ್ಲಿ ಮಾವೋಗೆ ಸೋತು ತೈವಾನ್‌ಗೆ ಹೋದ ಚಿಯಾಂಗ್ ಕೈ ಶೇಕ್. ಈ ಹೆಸರುಗಳ ‘ಯಾತ್ ಸೆನ್’, ‘ಕೈ ಶೇಕ್’ ಎರಡೂ ಕ್ಯಾಂಟನೀಸ್ ಉಚ್ಚಾರದಿಂದ ಬಂದ ರೂಪಗಳು. ಬೀಜಿಂಗಿನವರಿಗೆ ಅವರು ಸುನ್ ಝೊಂಗ್‌ಷಾನ್, ಜಿಯಾಂಗ್ ಜಿಯೆಷಿ. ಒಂದೇ ಮನುಷ್ಯನನ್ನು ಇಬ್ಬರು ಅಂತ ಓದಿಕೊಳ್ಳುವ ಅಪಾಯ ಇದೆ.

ಬಯಲುಸೀಮೆ
ಹೆಸರು, ಚಹಾ ಎಲ್ಲಾ ಸರಿ. 1958ರಿಂದ 62ರವರೆಗಿನದನ್ನು ಹೇಗೆ ಪಾಠ ಮಾಡ್ತೀರಿ ಅನ್ನೋದು ಮುಖ್ಯ. ಮಾವೋ ಸರ್ಕಾರದವರು ಮಹಾ ಜಿಗಿತ ಅಂತ ಹೆಸರಿಟ್ಟು ಉಕ್ಕು ಮಾಡಲು ಹಳ್ಳಿಹಳ್ಳಿಯಲ್ಲಿ ಕುಲುಮೆ ಹಾಕಿಸಿದರು, ಮನೆಯ ಬಾಣಲೆ, ಗುದ್ದಲಿ ಕರಗಿಸಿದರು. ಅಡುಗೆಮನೆ ಮುಚ್ಚಿಸಿ ಕಮ್ಯೂನಿನ, ಅಂದರೆ ಹಳ್ಳಿಗಳನ್ನು ಸೇರಿಸಿ ಕಟ್ಟಿದ ಸಾಮೂಹಿಕ ಕೃಷಿ ಘಟಕದ, ಊಟದ ಮನೆಗೆ ಕಳಿಸಿದರು. ಅಧಿಕಾರಿಗಳು ಮೇಲಿನವರನ್ನು ಮೆಚ್ಚಿಸಲು ಇಲ್ಲದ ಇಳುವರಿ ಬರೆದರು. ಆ ಸುಳ್ಳು ಲೆಕ್ಕದ ಮೇಲೆ ಧಾನ್ಯ ಎತ್ತಿಕೊಂಡು ಹೋದರು. ಹಳ್ಳಿಯಲ್ಲಿ ಉಳಿದದ್ದು ಏನೂ ಇಲ್ಲ. ಆ ಕ್ಷಾಮದಲ್ಲಿ ಸತ್ತವರು ಒಂದೂವರೆ ಕೋಟಿಯಿಂದ ನಾಲ್ಕೂವರೆ ಕೋಟಿ ಅಂತ ಬೇರೆ ಬೇರೆ ಅಂದಾಜುಗಳಿವೆ. 1959ರಲ್ಲಿ ರಕ್ಷಣಾ ಮಂತ್ರಿ ಪೆಂಗ್ ದೆಹುವಾಯ್ ಮಾವೋಗೆ ಪತ್ರ ಬರೆದು ಎಚ್ಚರಿಸಿದರು, ಕುರ್ಚಿ ಕಳೆದುಕೊಂಡರು. ಇದನ್ನು ಒಂದೂವರೆ ಪುಟದಲ್ಲಿ ಮುಗಿಸಬಾರದು.

ಕೆಂಪುಮಣ್ಣು
ಕ್ಷಾಮವನ್ನು ಯಾರೂ ಮುಚ್ಚಿಡಬೇಕು ಅನ್ನುತ್ತಿಲ್ಲ. ಆದರೆ ಅದೊಂದನ್ನೇ ಹೇಳಿ ನಿಲ್ಲಿಸಿದರೆ ಅರ್ಧ ಸತ್ಯ. 1949ರಲ್ಲಿ ಚೀನೀಯರ ಸರಾಸರಿ ಆಯಸ್ಸು 40ಕ್ಕೂ ಕಡಿಮೆ, ಮಾವೋ ಸಾಯುವ ಹೊತ್ತಿಗೆ 60 ದಾಟಿತ್ತು. ಹಳ್ಳಿಯವರನ್ನೇ ತರಬೇತಿ ಕೊಟ್ಟು ‘ಬರಿಗಾಲ ವೈದ್ಯರು’ ಮಾಡಿದರು. 1950ರ ಮದುವೆ ಕಾನೂನು ಹೆಣ್ಣಿಗೆ ವಿಚ್ಛೇದನದ ಹಕ್ಕು ಕೊಟ್ಟಿತು. ಅಮರ್ತ್ಯ ಸೇನ್ ಹೇಳಿದ್ದು ಎರಡೂ ಕಡೆ ಚುಚ್ಚುತ್ತೆ. ಪತ್ರಿಕೆ, ಚುನಾವಣೆ ಇದ್ದಿದ್ದರೆ ಚೀನಾದಲ್ಲಿ ಅಂಥ ಕ್ಷಾಮ ಆಗುತ್ತಿರಲಿಲ್ಲ ಅಂದರು. ಆದರೆ ಸದ್ದಿಲ್ಲದ ಹಸಿವು, ರೋಗದಿಂದ ಭಾರತದಲ್ಲಿ ಚೀನಾಕ್ಕಿಂತ ಜಾಸ್ತಿ ಜನ ವರ್ಷವರ್ಷವೂ ಸಾಯುತ್ತಿದ್ದರು ಅಂತಲೂ ಅಂದರು.

ಬಯಲುಸೀಮೆ
ಒಪ್ಪಿದೆ, ಸೇನ್ ಎರಡನ್ನೂ ಹೇಳಿದ್ದಾರೆ. ಆದರೆ ಆಯಸ್ಸು ಹೆಚ್ಚಾಯ್ತು ಅಂತ ಸತ್ತವರನ್ನು ಅದರಲ್ಲಿ ಕಳೆಯೋಕೆ ಆಗಲ್ಲ. ಒಂದು ಹಳ್ಳಿಯ ಅಜ್ಜಿ ತನ್ನ ಮೂರು ಮಕ್ಕಳನ್ನು ಕಳೆದುಕೊಂಡಿದ್ದಕ್ಕೆ ಲಸಿಕೆ ಲೆಕ್ಕ ಉತ್ತರ ಅಲ್ಲ.

ಕೆಂಪುಮಣ್ಣು
ಅದಕ್ಕೆ ನನ್ನ ತಕರಾರಿಲ್ಲ. ಎರಡೂ ಮಕ್ಕಳ ಮುಂದೆ ಇರಲಿ, ಅವರೇ ಜಗಳ ಆಡಲಿ ಅಷ್ಟೇ.

ದೆಹಲಿಚಳಿ
ಇಲ್ಲಿ ಒಂದು ಒಳ್ಳೆ ದಾರಿ ಇದೆ. 1981ರಲ್ಲಿ ಚೀನಾದ ಕಮ್ಯುನಿಸ್ಟ್ ಪಕ್ಷವೇ ಒಂದು ನಿರ್ಣಯ ಹೊರಡಿಸಿತು. ಮಾವೋ 1966ರಲ್ಲಿ ಶುರು ಮಾಡಿ ಹತ್ತು ವರ್ಷ ನಡೆದ ಸಾಂಸ್ಕೃತಿಕ ಕ್ರಾಂತಿ 1949ರ ನಂತರದ ಅತಿ ದೊಡ್ಡ ಹಿನ್ನಡೆ ಅಂತ ಅದರಲ್ಲೇ ಬರೆದಿದೆ. ಮಾವೋ ತಪ್ಪುಗಳಿಗಿಂತ ಕೊಡುಗೆ ದೊಡ್ಡದು ಅಂತಲೂ ಬರೆದಿದೆ. ಅದರ ನಾಲ್ಕು ಪುಟ ಕನ್ನಡಕ್ಕೆ ತಂದು ಮಕ್ಕಳಿಗೆ ಕೊಡಿ. ಏನು ಹೇಳಿದ್ದಾರೆ, ಏನು ಹೇಳಿಲ್ಲ ಅಂತ ಅವರೇ ಹುಡುಕಲಿ.

ಇನ್ನೊಂದು ಪದ ಹೇಳಲೇಬೇಕು. ಕ್ರಾಂತಿಗೆ ಚೀನೀಯಲ್ಲಿ ‘ಗೆಮಿಂಗ್’. ಹಳೆಯ ಅರ್ಥ, ಅರಸನಿಗೆ ಆಕಾಶ ಕೊಟ್ಟ ಅಪ್ಪಣೆಯನ್ನು ಬದಲಾಯಿಸುವುದು. ನಮ್ಮ ಕ್ರಾಂತಿ ಅಂದರೆ ದಾಟುವುದು, ಸಂಕ್ರಾಂತಿಯಲ್ಲಿ ಸೂರ್ಯ ದಾಟುವ ಹಾಗೆ. ಒಂದೇ ಘಟನೆಗೆ ಎರಡು ಭಾಷೆ ಬೇರೆ ಬೇರೆ ಕಡೆಯಿಂದ ಬಂದಿವೆ.

ಬಿಳಿಕೋಟು
ನಾನು ಚೀನಾದಲ್ಲಿ ಎಂ.ಬಿ.ಬಿ.ಎಸ್. ಮಾಡಿದವನು. ಕೊರೊನಾಗೆ ಮೊದಲು 20,000ಕ್ಕೂ ಹೆಚ್ಚು ಭಾರತದ ಮಕ್ಕಳು ಅಲ್ಲಿದ್ದೆವು, ಬಹುತೇಕ ವೈದ್ಯಕೀಯದವರೇ. 2020ರ ಆರಂಭದಲ್ಲಿ ಊರಿಗೆ ಬಂದವನು ಎರಡು ವರ್ಷಕ್ಕೂ ಮೇಲೆ ಇಲ್ಲೇ ಉಳಿದೆ, ಮೊಬೈಲ್‌ನಲ್ಲಿ ಪಾಠ. ಆ ದಿನಗಳನ್ನು ನೆನೆದರೆ ಈಗಲೂ ಹೊಟ್ಟೆ ಹಿಂಡುತ್ತೆ.

ಆದರೆ ಜನರ ಬಗ್ಗೆ ಹೇಳುತ್ತೇನೆ. ನಮ್ಮ ಹಾಸ್ಟೆಲಿನ ಬೀದಿಯಲ್ಲಿ ನೂಡಲ್ಸ್ ಅಂಗಡಿ ಇಟ್ಟಿದ್ದ ಆಂಟಿ ಹೆನಾನ್ ಪ್ರಾಂತದವರು. ಮಗಳು ಅಲ್ಲೇ ನಗರದಲ್ಲಿ ಬೆಳೆದವಳು. ಹೈಸ್ಕೂಲಿಗೆ ಬಂದಾಗ ಅವಳನ್ನು ಊರಿಗೆ, ಅಜ್ಜಿ ಹತ್ತಿರ ಕಳಿಸಬೇಕಾಯ್ತು. ಹುಕೌ ಅಂತ ಒಂದು ವ್ಯವಸ್ಥೆ, 1958ರಿಂದ ಬಿಗಿಯಾಗಿದೆ. ಎಲ್ಲಿಯ ಹುಕೌ ಇದೆಯೋ ಹೆಚ್ಚಾಗಿ ಅಲ್ಲೇ ಗಾವೋಕಾವ್ ಬರೆಯಬೇಕು. ಗಾವೋಕಾವ್ ಅಂದರೆ ಕಾಲೇಜಿಗೆ ಸೇರುವ ಪರೀಕ್ಷೆ. 2023ರಲ್ಲಿ ಹೆಸರು ನೋಂದಾಯಿಸಿದವರು ಸುಮಾರು 1 ಕೋಟಿ 29 ಲಕ್ಷ. ಹೆನಾನ್‌ನಲ್ಲಿ ಮಕ್ಕಳು ಜಾಸ್ತಿ, ಒಳ್ಳೆ ಕಾಲೇಜಿನ ಸೀಟು ಕಡಿಮೆ. ಆಂಟಿ ಮಗಳನ್ನು ಬಸ್ಸು ಹತ್ತಿಸಿ ಬಂದ ದಿನ ಅಂಗಡಿ ತೆರೆಯಲಿಲ್ಲ.

ಇದೇ ಪರೀಕ್ಷೆ ಸಾಂಸ್ಕೃತಿಕ ಕ್ರಾಂತಿಯಲ್ಲಿ ನಿಂತುಹೋಗಿತ್ತು. 1977ರ ಡಿಸೆಂಬರಿನಲ್ಲಿ ಮತ್ತೆ ಶುರುವಾದಾಗ 57 ಲಕ್ಷ ಜನ ಬರೆದರು, ಸೀಟು ಸಿಕ್ಕಿದ್ದು 2.7 ಲಕ್ಷ ಜನಕ್ಕೆ. ನಮ್ಮ ಅಂಗರಚನಾ ಶಾಸ್ತ್ರದ ಪ್ರೊಫೆಸರ್ ಆ ವರ್ಷದವರು. ಹತ್ತು ವರ್ಷ ಹೊಲದಲ್ಲಿ ದುಡಿದು ಬಂದಿದ್ದರು. ಅದನ್ನು ಹೇಳುವಾಗ ಅವರ ದನಿ ನಡುಗುತ್ತಿತ್ತು.

ನಿಮ್ಮ ಮಕ್ಕಳೂ ಪಿಯುಸಿ, ಸಿಇಟಿ ದಾಟಿ ಬಂದವರು ಮೇಡಂ. ಪರೀಕ್ಷೆಯಿಂದ ಚೀನಾ ಹೇಳಿಕೊಟ್ಟರೆ ಬೇಗ ಹತ್ತಿರವಾಗುತ್ತೆ.

ಮಲ್ನಾಡ್‌ಮಳೆ
1989ರ ವಿದ್ಯಾರ್ಥಿ ಚಳವಳಿ, ಅದನ್ನು ಸೈನ್ಯ ಹತ್ತಿಕ್ಕಿದ್ದರ ಬಗ್ಗೆ ಅಲ್ಲಿ ನಿಮ್ಮ ಗೆಳೆಯರು ಮಾತಾಡುತ್ತಿದ್ದರಾ?

ಬಿಳಿಕೋಟು
ಇಲ್ಲ. ಒಮ್ಮೆ ಕೇಳಿದೆ. ನನ್ನ ರೂಮಿನ ಪಕ್ಕದವನು ಮೆಲ್ಲಗೆ ‘ಆ ವಿಷಯ ಬೇಡ’ ಅಂದ. ನನ್ನ ಮೇಲೆ ಅವನಿಗೆ ಸಿಟ್ಟಿರಲಿಲ್ಲ, ಭಯ ಇತ್ತು. ಮತ್ತೆ ಕೇಳಲಿಲ್ಲ. ಬೀಜಿಂಗಿನ ತಿಯಾನಾನ್‌ಮೆನ್ ಚೌಕದಲ್ಲಿ ಅಷ್ಟು ವಾರ ಕೂತಿದ್ದವರು ಬಹುಪಾಲು ಕಾಲೇಜು ಮಕ್ಕಳು. ನಮ್ಮ ಮಕ್ಕಳಿಗೆ ಅವರ ವಯಸ್ಸು ಹೇಳಿ. ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಹೇಳಬಹುದು, ಅದು ನಮ್ಮ ಭಾಗ್ಯ.

ಪಂಚಾಯ್ತಿಕಟ್ಟೆ
ರಾಜಕೀಯಶಾಸ್ತ್ರದವನಾಗಿ ಒಂದು ಮಾತು. ಸಂವಿಧಾನದ ಪುಟ ತೆರೆದು ಚೀನಾ ರಾಜಕೀಯ ಹೇಳಿಕೊಡಲು ಹೋಗಬೇಡಿ. ಅಲ್ಲಿ ಸರ್ಕಾರದ ಪಕ್ಕದಲ್ಲಿ ಪ್ರತಿ ಮೆಟ್ಟಿಲಿನಲ್ಲೂ ಪಕ್ಷ ಇದೆ. ನಗರದ ಮೇಯರ್‌ಗಿಂತ ಆ ನಗರದ ಪಕ್ಷದ ಕಾರ್ಯದರ್ಶಿ ದೊಡ್ಡವರು. ಸುಮಾರು 10 ಕೋಟಿ ಸದಸ್ಯರು, ಮೇಲೆ ಮೇಲೆ ಹೋದಂತೆ ಕಿರಿದಾಗಿ ಕೊನೆಗೆ ಪಾಲಿಟ್‌ಬ್ಯೂರೋ ಸ್ಥಾಯಿ ಸಮಿತಿಯಲ್ಲಿ 7 ಜನ. 2018ರಲ್ಲಿ ಅಧ್ಯಕ್ಷ ಪದವಿಯ ಎರಡು ಅವಧಿಯ ಮಿತಿ ತೆಗೆದರು. ಆದರೆ ಪಕ್ಷದ ಪ್ರಧಾನ ಕಾರ್ಯದರ್ಶಿ ಸ್ಥಾನಕ್ಕೆ ಅಂಥ ಬರೆದಿಟ್ಟ ಮಿತಿ ಮೊದಲೂ ಇರಲಿಲ್ಲ. ಅಧಿಕಾರ ಇರುವುದು ಅಲ್ಲೇ.

ನಮ್ಮ ಮಕ್ಕಳಿಗೆ ಹಿಡಿಯಾಗಿ 1987 ಕೊಡಿ. ಆ ವರ್ಷದ ಜನವರಿಯಲ್ಲಿ ಕರ್ನಾಟಕದಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯ್ತಿ ಚುನಾವಣೆ ನಡೆಯಿತು. ನಜೀರ್ ಸಾಬ್ ಕಾಲ. ಅದೇ ವರ್ಷದ ನವೆಂಬರಿನಲ್ಲಿ ಚೀನಾ ಗ್ರಾಮ ಸಮಿತಿಗಳ ಪ್ರಾಯೋಗಿಕ ಕಾನೂನು ತಂದಿತು. ಅಲ್ಲೂ ಹಳ್ಳಿಯವರು ಓಟು ಹಾಕತೊಡಗಿದರು. ಮುಂದೆ ಇಲ್ಲಿ ಅದು ಎಷ್ಟು ಮೇಲಕ್ಕೆ ಹತ್ತಿತು, ಅಲ್ಲಿ ಹಳ್ಳಿಯ ಮೆಟ್ಟಿಲಲ್ಲೇ ಯಾಕೆ ನಿಂತಿತು? ಎರಡು ತರಗತಿ ಇದಕ್ಕೆ ಸಾಕು.

ಕೊಡಗಿನಕಾಫಿ
ಕರ್ನಾಟಕದ ಮಾತು ಬಂತಲ್ಲ, ಜನರಲ್ ತಿಮ್ಮಯ್ಯನವರನ್ನು ಮರೆತಿರಾ? ಚೀನೀ ಸೈನಿಕರೂ ಹೋರಾಡಿದ ಕೊರಿಯಾ ಯುದ್ಧ ನಿಂತಾಗ ಊರಿಗೆ ವಾಪಸ್ ಹೋಗಲು ಒಪ್ಪದ 22,000ಕ್ಕೂ ಹೆಚ್ಚು ಕೈದಿಗಳು ಇದ್ದರು. ಅವರಲ್ಲಿ 14,000ಕ್ಕೂ ಹೆಚ್ಚು ಚೀನೀ ಸೈನಿಕರು. ಅವರ ಉಸ್ತುವಾರಿಗೆ ನೇಮಿಸಿದ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರು ನಮ್ಮ ಮಡಿಕೇರಿಯ ತಿಮ್ಮಯ್ಯ. 1953ರ ಚಳಿಗಾಲ. ಕೈದಿಗಳಲ್ಲೇ ಎರಡು ಬಣ, ಒಳಗೊಳಗೇ ಕೊಲೆ. ಎರಡೂ ಕಡೆಯ ಸರ್ಕಾರಗಳಿಗೂ ಸಿಟ್ಟು. ಕೊನೆಗೆ ಹೆಚ್ಚಿನ ಚೀನೀಯರು ತೈವಾನ್‌ಗೆ ಹೋದರು. ಎರಡೂ ಕಡೆ ಬೇಡ ಅಂದ 88 ಕೈದಿಗಳು, ಹೆಚ್ಚಿನವರು ಕೊರಿಯನ್ನರು, ನಮ್ಮ ಸೈನ್ಯದ ಜೊತೆ ಭಾರತಕ್ಕೆ ಬಂದರು. ತೈವಾನ್ ಪ್ರಶ್ನೆ ಪಾಠ ಮಾಡುವಾಗ ಇದನ್ನು ಹೇಳದೆ ಹೇಗೆ?

ಕಡಲತಡಿ
ನಮ್ಮ ಮಂಗಳೂರಿನ ಬಿ.ಎನ್. ರಾವ್ ಅವರೂ ಇದ್ದಾರೆ. ಸಂವಿಧಾನದ ಸಲಹೆಗಾರರು ಅಂತ ಮಾತ್ರ ಓದುತ್ತೇವೆ. 1950ರ ಕೊನೆಯಲ್ಲಿ ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿಯಾಗಿ ಚೀನಾದ ನಿಯೋಗದ ಜೊತೆ ಮಾತಾಡಿ ಕೊರಿಯಾದಲ್ಲಿ ಕದನ ನಿಲ್ಲಿಸಲು ಒದ್ದಾಡಿದವರು.

ಬಿಸಿಲೂರು
ಡಾ. ಕೋಟ್ನಿಸ್ ಕೂಡ ನಮ್ಮವರೇ!

ಹಳೇಮೇಷ್ಟ್ರು
@ಬಿಸಿಲೂರು ಕೋಟ್ನಿಸ್ ಸೊಲ್ಲಾಪುರದವರು, ಮರಾಠಿಗರು. ಸೊಲ್ಲಾಪುರದಲ್ಲಿ ಕನ್ನಡ ಇದೆ ಅಂತ ಅವರನ್ನು ಎಳೆದುಕೊಳ್ಳುವುದು ಬೇಡ. ಜಪಾನಿನ ವಿರುದ್ಧದ ಯುದ್ಧದಲ್ಲಿ ನೆರವಾಗಲು 1938ರಲ್ಲಿ ಚೀನಾಕ್ಕೆ ಹೋದ ಐದು ಭಾರತೀಯ ವೈದ್ಯರಲ್ಲಿ ಒಬ್ಬರು, ಅಲ್ಲೇ ಮದುವೆಯಾದರು, 1942ರ ಡಿಸೆಂಬರಿನಲ್ಲಿ 32ನೇ ವಯಸ್ಸಿಗೆ ಅಲ್ಲೇ ತೀರಿಕೊಂಡರು. ನಮ್ಮವರಲ್ಲದಿದ್ದರೂ ಪಾಠದಲ್ಲಿ ಇರಲಿ.

ಬಿಸಿಲೂರು
ಸರಿ ಮೇಷ್ಟ್ರೇ. ತಿದ್ದಿಕೊಂಡೆ.

ಮಲ್ನಾಡ್‌ಮಳೆ
ನಾನು ಬಿ.ಎ. ಎರಡನೇ ವರ್ಷದವಳು. ಇದನ್ನೇ ಮುಂದೆ ಓದಬೇಕು ಅಂತ ಆಸೆ. ಚೀನೀ ಭಾಷೆ ಬರದೆ ಆಗುತ್ತಾ? ಮನೆಯಲ್ಲಿ ‘ಯಾವ ಕೆಲಸ ಸಿಗುತ್ತೆ’ ಅಂತ ಕೇಳ್ತಾರೆ.

ದೆಹಲಿಚಳಿ
@ಮಲ್ನಾಡ್‌ಮಳೆ ನೇರ ಹೇಳ್ತೀನಿ ತಂಗಿ. ಬಿ.ಎ. ಮಟ್ಟದಲ್ಲಿ ಭಾಷೆ ಇಲ್ಲದೆ ಓದಬಹುದು. ಆಮೇಲೆ ಆಗಲ್ಲ. ಭಾಷೆ ಇಲ್ಲದಿದ್ದರೆ ಅಮೆರಿಕದವರು ಚೀನಾ ಬಗ್ಗೆ ಏನು ಹೇಳಿದರೋ ಅದನ್ನೇ ನೀನು ಮತ್ತೆ ಹೇಳುತ್ತಿರುತ್ತೀಯ. ದೆಹಲಿಯ ಜೆಎನ್‌ಯುನಲ್ಲಿ ಚೀನೀ ಬಿ.ಎ. ಇದೆ. ದೆಹಲಿ ವಿಶ್ವವಿದ್ಯಾಲಯದಲ್ಲಿ ಪೂರ್ವ ಏಷ್ಯಾ ಅಧ್ಯಯನ ವಿಭಾಗ ಇದೆ. ಶಾಂತಿನಿಕೇತನದ ಚೀನಾ ಭವನ 1937ರಿಂದ ನಡೆಯುತ್ತಿದೆ, ತಾನ್ ಯುನ್‌ಷಾನ್ ಕಟ್ಟಿದ್ದು. ಬೆಂಗಳೂರಿನಲ್ಲೇ ತಕ್ಷಶಿಲಾ ಸಂಸ್ಥೆ, ಎನ್‌ಐಎಎಸ್ (ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಅಡ್ವಾನ್ಸ್ಡ್ ಸ್ಟಡೀಸ್) ಕಡೆ ಚೀನಾ ಬಗ್ಗೆ ಕೆಲಸ ಮಾಡುವವರಿದ್ದಾರೆ, ಹೋಗಿ ಮಾತಾಡು.

ದಿನಕ್ಕೆ ಐದು ಅಕ್ಷರ ಬರೆ. ಒಂದು ವರ್ಷದಲ್ಲಿ ಅಂಗಡಿ ಬೋರ್ಡು ಓದುತ್ತೀಯ, ಮೂರು ವರ್ಷದಲ್ಲಿ ಪತ್ರಿಕೆ. ಕಷ್ಟ ಇದೆ, ಇಲ್ಲ ಅನ್ನಲ್ಲ. ಅಲ್ಲಿಯ ದಾಖಲೆಗಳು ಹತ್ತು ವರ್ಷದಿಂದ ಒಂದೊಂದೇ ಮುಚ್ಚುತ್ತಿವೆ. 2023ರಲ್ಲಿ ಅವರ ದೊಡ್ಡ ಆನ್‌ಲೈನ್ ಭಂಡಾರದ ಕೆಲವು ಭಾಗ ಹೊರದೇಶದವರಿಗೆ ಸಿಗದಂತೆ ಆಯಿತು. ಆದರೆ 2025ರ ಅಕ್ಟೋಬರಿನಿಂದ ನೇರ ವಿಮಾನ ಮತ್ತೆ ಶುರುವಾಗಿದೆ. ನೀನು ತಯಾರಾಗುವ ಹೊತ್ತಿಗೆ ಬಾಗಿಲು ಇನ್ನಷ್ಟು ತೆರೆದಿರಲಿ ಅಂತ ಮನಸಾರೆ ಬಯಸುತ್ತೇನೆ.

ಬಿಳಿಕೋಟು
ಕೆಲಸದ ಚಿಂತೆ ಬೇಡ ತಂಗಿ. ಚೀನೀ ಬರುವ ಕನ್ನಡಿಗರು ಬೆರಳೆಣಿಕೆ. ಕಂಪನಿಗಳಿಗೂ ಬೇಕು, ಪತ್ರಿಕೆಗಳಿಗೂ ಬೇಕು.

ಅಕ್ಷರಮಾಲೆ
ಸಂಸ್ಕೃತಿ ಅಂತ ಪತ್ರಿಕೆಯಲ್ಲಿ ಇದೆ, ಯಾರೂ ಲು ಷುನ್ ಹೆಸರು ಎತ್ತಿಲ್ಲ! ಜಪಾನಿನಲ್ಲಿ ವೈದ್ಯಕೀಯ ಓದುತ್ತಿದ್ದವರು ಅದನ್ನು ಬಿಟ್ಟು ಬರವಣಿಗೆಗೆ ಬಂದರು. 1918ರಲ್ಲಿ ಹುಚ್ಚನೊಬ್ಬನ ದಿನಚರಿಯ ರೂಪದಲ್ಲಿ ಆಡುಮಾತಿನ ಕತೆ ಬರೆದರು. ಅಲ್ಲಿಯವರೆಗೆ ಪಂಡಿತರ ಬರವಣಿಗೆಯೇ ಬೇರೆ, ಜನರ ಮಾತೇ ಬೇರೆ. ಮರುವರ್ಷ ಮೇ 4ರಂದು ಬೀಜಿಂಗಿನಲ್ಲಿ ವಿದ್ಯಾರ್ಥಿಗಳು ಬೀದಿಗೆ ಬಂದರು. ನಮ್ಮಲ್ಲಿ ಹಳಗನ್ನಡ ಬಿಟ್ಟು ಹೊಸಗನ್ನಡದಲ್ಲಿ ಕವಿತೆ ಬರೆಯಬೇಕು ಅಂತ ಬಿ.ಎಂ.ಶ್ರೀ ಮತ್ತವರ ಗೆಳೆಯರು ಹೊರಟಿದ್ದೂ ಹೆಚ್ಚುಕಡಿಮೆ ಅದೇ ಕಾಲ. ಕನ್ನಡ ಮಕ್ಕಳಿಗೆ ಇದಕ್ಕಿಂತ ಒಳ್ಳೆ ಬಾಗಿಲು ಇಲ್ಲ.

ತುಂಗಾತೀರ
ಎಲ್ಲರಿಗೂ ಎಷ್ಟು ಧನ್ಯವಾದ ಹೇಳಲಿ! ಇವತ್ತು ಮೊದಲ ತರಗತಿ ಆಯಿತು. ಬಂದ ಕೂಡಲೇ ಬರೆಯುತ್ತಿದ್ದೇನೆ.

@ರೇಷ್ಮೆಗೂಡು ಹೇಳಿದ ಹಾದಿಯನ್ನೇ ಹಿಡಿದೆ. ಇಸವಿ ಯಾವುದೂ ಹೇಳಲಿಲ್ಲ. ಹುಳ ಸಾಕುವ ಮುದುಕನ ಕತೆ ಹೇಳಿದೆ, ಯಾವ ದೇಶ ಅಂತ ಹೇಳದೆ. ನಮ್ಮ ಕಡೆ ರೇಷ್ಮೆ ಇಲ್ಲ, ಅಡಿಕೆ. ಆದರೂ ಬೆಲೆ ಬಿದ್ದ ಜಾಗಕ್ಕೆ ಬಂದಾಗ ಹಿಂದಿನ ಬೆಂಚಿನ ಹುಡುಗರೂ ತಲೆ ಎತ್ತಿದರು. ಯಾವ ಊರಿನ ಕತೆ ಇದು ಅಂತ ಕೇಳಿದೆ. ಕೋಲಾರ, ಚಿಂತಾಮಣಿ, ರಾಮನಗರ ಅಂದರು. ಝೆಜಿಯಾಂಗ್ ಅಂತ ಬೋರ್ಡಿನ ಮೇಲೆ ಬರೆದಾಗ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಆಮೇಲೆ ಪ್ರಶ್ನೆಗಳು ಬಂದವು. ಕಾರ್ಖಾನೆ ಯಾಕೆ ಮುಚ್ಚಿತ್ತು? ಜಪಾನು ಅಲ್ಲಿಗೆ ಯಾಕೆ ಬಂದಿತ್ತು? ಷಾಂಘೈನಲ್ಲಿ ಬಿಳಿಯರು ಏನು ಮಾಡುತ್ತಿದ್ದರು? ಒಂದೊಂದೇ ಪ್ರಶ್ನೆ ಹಿಂದಕ್ಕೆ ಹೋಗಿ ಅಫೀಮಿಗೆ ಬಂದು ನಿಂತಿತು. ಹಳೇಮೇಷ್ಟ್ರೇ, ನಿಮ್ಮ 1839ಕ್ಕೆ ಮಕ್ಕಳೇ ನಡೆದುಕೊಂಡು ಹೋದರು. ಮಂಚು ಅರಸರ ಕಾಲಕ್ಕೆ ಎರಡು ತರಗತಿ, 1949ರ ನಂತರದ್ದಕ್ಕೆ ಎಂಟು ವಾರ ಪೂರ್ತಿ. ವಿದೇಶೀಯರ ವಿರುದ್ಧ ಎದ್ದ ಬಾಕ್ಸರ್ ದಂಗೆ, ಸೇನಾಧಿಪತಿಗಳು ದೇಶವನ್ನು ಹಂಚಿಕೊಂಡು ಆಳಿದ ಯುದ್ಧಪ್ರಭುಗಳ ಕಾಲ ಎರಡನ್ನೂ ಒಂದೇ ತರಗತಿಯಲ್ಲಿ ದಾಟುತ್ತೇನೆ. ಅದಕ್ಕೆ ಮನಸ್ಸು ನೋಯುತ್ತದೆ, ಬೇರೆ ದಾರಿ ಇಲ್ಲ.

ಗಂಟೆ ಹೊಡೆದ ಮೇಲೆ ಒಬ್ಬಳು ಹುಡುಗಿ ಬಂದು ಕೇಳಿದಳು. ‘ಮಿಸ್, ಆ ಮುದುಕನ ಮೊಮ್ಮಕ್ಕಳು ಆಮೇಲೆ ಏನಾಗಿರಬಹುದು? 1958ರಲ್ಲಿ ಅವರು ಎಲ್ಲಿದ್ದಿರಬಹುದು?’ ಮುಂದಿನ ವಾರಕ್ಕೆ ಎಲ್ಲರಿಗೂ ಅದನ್ನೇ ಬರೆಯಲು ಕೊಟ್ಟಿದ್ದೇನೆ.

ರೇಷ್ಮೆಗೂಡು
ಮೇಡಂ, ಅವರು ಬರೆದದ್ದನ್ನು ಇಲ್ಲಿ ಹಾಕಿ. ಅಮ್ಮನಿಗೆ ಓದಿ ಹೇಳಬೇಕು.